ಕಡೇ ತುತ್ತು ಯಾರಿಗೆ

ಮಾತು ಕಲಿಸಲು ಬಂದವಳು ಮೊದಲು ಊಟ ಹಾಕಿ ಅಂದರೆ ಯಾರಿಗಾದರೂ ವಿಚಿತ್ರ ಅನ್ನಿಸುತ್ತದೆ. ಮಳವಳ್ಳಿ ತಾಲ್ಲೂಕಿನ ಪೂರಿಗಾಲಿ ಕಡೆಯ ಆ ಮನೆಯಲ್ಲೂ ಹಾಗೇ ಆಯಿತು. ನಡುಮನೆಯಲ್ಲಿ ಚಾಪೆ ಹಾಸಿ ನನ್ನನ್ನು ಕೂರಿಸಿ, ಒಂದು ಚೊಂಬು ನೀರು ತಂದಿಟ್ಟು, ಏಳು ವರ್ಷದ ಹುಡುಗಿಯನ್ನು ಎತ್ತಿಕೊಂಡು ಬಂದು ಎದುರಿಗೆ ಮಲಗಿಸಿದರು. ಹುಟ್ಟುವಾಗಲೇ ಮಿದುಳಿಗೆ ಪೆಟ್ಟಾಗಿದ್ದ ಮಗು. ಕತ್ತು ಪೂರ್ತಿ ನಿಲ್ಲುತ್ತಿರಲಿಲ್ಲ, ಕೈಕಾಲು ಸೆಟೆದುಕೊಂಡಿದ್ದವು, ಮಾತಿರಲಿಲ್ಲ. ಕಣ್ಣು ಮಾತ್ರ ಚುರುಕು. ಬಂದವರು ಯಾರು, ಚೀಲದಲ್ಲೇನಿದೆ ಅಂತ ನೋಡುತ್ತಿದ್ದವು.

ತಾಯಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಅಜ್ಜಿ, ಅಂದರೆ ಹುಡುಗಿಯ ಅಪ್ಪನ ತಾಯಿ, ನನ್ನ ಪಕ್ಕದಲ್ಲೇ ಕೂತರು.

"ಮಗು ಊಟ ಮಾಡೋದನ್ನ ನೋಡಬೇಕಿತ್ತು," ಅಂದೆ.

ಅಜ್ಜಿ ಸೊಸೆಯ ಕಡೆ ತಿರುಗಿದರು. "ಮಾತ್ ಬರಂಗೆ ಮಾಡ್ತಾರೆ ಅಂತ ಕರ್ಸುದ್ರೆ ಉಣ್ಸೋದ್ ತೋರ್ಸು ಅಂತಾವ್ರಲ್ಲೇ. ಮೂರ್ ಮಕ್ಳ ಸಾಕಿವ್ನಿ, ಉಣ್ಸಾಕೆ ನಂಗ್ ಬರಕಿಲ್ವಾ?"

ನನಗೆ ಕೇಳಿಸಲಿ ಅಂತಲೇ ಅಂದ ಮಾತು. ನಾನು ಚೀಲದಿಂದ ಟವೆಲ್ ತೆಗೆದು ತೊಡೆಯ ಮೇಲೆ ಹಾಕಿಕೊಂಡೆ. ಈ ಕೆಲಸದಲ್ಲಿ ಮೊದಲ ದಿನ ಯಾರೂ ನಮ್ಮನ್ನು ನಂಬುವುದಿಲ್ಲ. ನಂಬಬೇಕಾಗಿಯೂ ಇಲ್ಲ.

ವಾಕ್ ಚಿಕಿತ್ಸೆ ಓದುವಾಗ ನಾನು ಅಂದುಕೊಂಡಿದ್ದು ಬೇರೆ. ತೊದಲುವ ಮಕ್ಕಳು ಬರುತ್ತಾರೆ, ಕನ್ನಡಿ ಮುಂದೆ ಕೂರಿಸಿ ನಾಲಿಗೆ ಎಲ್ಲಿಡಬೇಕು ಅಂತ ತೋರಿಸುತ್ತೇನೆ, ಸರಿಹೋಗಿ ಶಾಲೆಗೆ ಓಡುತ್ತಾರೆ. ಅಂಥವರೂ ಬಂದರು, ಇಲ್ಲವೆನ್ನುವುದಿಲ್ಲ. ಆದರೆ ಮಂಡ್ಯದಲ್ಲಿ ಮನೆ ಮಾಡಿ, ವಾರಕ್ಕೊಂದು ದಿನ ಮದ್ದೂರು, ಒಂದು ದಿನ ಮಳವಳ್ಳಿ ಅಂತ ಬಸ್ಸು ಹತ್ತಲು ಶುರು ಮಾಡಿದ ಮೇಲೆ ನನ್ನ ಪಾಲಿಗೆ ಹೆಚ್ಚಾಗಿ ಬಂದವರು ಶಾಲೆಯ ಮೆಟ್ಟಿಲು ಹತ್ತಲಾಗದ ಮಕ್ಕಳು. ಕಣ್ಣೂ ಕಾಣದೆ ಕಿವಿಯೂ ಕೇಳದವರು, ಫಿಟ್ಸ್ ಬರುವವರು, ನಡೆಯದವರು, ಇವೆಲ್ಲ ಒಬ್ಬರಲ್ಲೇ ಕೂಡಿಕೊಂಡವರು. ಮಾತಿಗೆ ಬೇಕಾದ ತುಟಿ, ನಾಲಿಗೆ, ಗಂಟಲೇ ಊಟಕ್ಕೂ ಬೇಕು. ಅನ್ನ ಇಳಿಯುವ ದಾರಿ, ಉಸಿರು ಇಳಿಯುವ ದಾರಿ ಗಂಟಲಲ್ಲಿ ಪಕ್ಕಪಕ್ಕದಲ್ಲೇ ಇವೆ. ನಮಗೆಲ್ಲ ನುಂಗುವಾಗ ಉಸಿರಿನ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಇಂಥ ಮಕ್ಕಳಲ್ಲಿ ಅದು ತಡವಾಗಿ ಮುಚ್ಚುತ್ತದೆ, ಇಲ್ಲವೆ ಅರ್ಧ ಮುಚ್ಚುತ್ತದೆ. ಹಾಗಾಗಿ ಮಾತಿನ ಮೇಡಮ್ಮು ಅನ್ನಿಸಿಕೊಂಡವಳ ಕಾಲು ಭಾಗ ಕೆಲಸ ಮಾತು, ಮುಕ್ಕಾಲು ಭಾಗ ಗಂಟಲು.

ಅಭ್ಯಾಸ ಮನೆಗೂ ಬಂತು. ಎದುರಿಗೆ ಕೂತವರು ನುಂಗುವಾಗ ಗಂಟಲಿನ ಗುಳ್ಳೆ ಮೇಲೆದ್ದು ಇಳಿಯುವುದನ್ನೇ ನೋಡುತ್ತೇನೆ. ನಮ್ಮ ಮನೆಯವರು ಒಂದು ದಿನ ತಟ್ಟೆ ಎತ್ತಿಕೊಂಡು ಟಿವಿ ಕಡೆ ತಿರುಗಿ ಕೂತುಬಿಟ್ಟರು. "ಸಾರು ಹೇಗಿದೆ ಅಂತ ಮುಖ ನೋಡೇ, ಗಂಟಲು ನೋಡಬೇಡ," ಅಂದರು.

ಅವತ್ತು ಆ ಮನೆಯಲ್ಲಿ ಅಜ್ಜಿ ಕಾಲು ನೀಡಿ ಕೂತು, ಎಳೆಗೂಸಿಗೆ ಎಣ್ಣೆ ತೀಡುವ ಹಾಗೆ ಹುಡುಗಿಯನ್ನು ಮೊಣಕಾಲ ಮೇಲೆ ಅಂಗಾತ ಮಲಗಿಸಿಕೊಂಡರು. ಸೊಸೆ ರಾಗಿ ಅಂಬಲಿ ತಂದಳು. ಅದರ ಜೊತೆ ಒಳಲೆ. ಕೂಸಿಗೆ ಹಾಲು ಹೊಯ್ಯುವ, ಮೂತಿ ಉದ್ದದ ಬೆಳ್ಳಿಯ ಒಳಲೆ. ಅಜ್ಜಿ ತಮ್ಮ ಮೂರು ಮಕ್ಕಳಿಗೂ ಅದರಲ್ಲೇ ಹೊಯ್ದದ್ದಂತೆ. ಹುಡುಗಿಯ ತಲೆ ಹಿಂದಕ್ಕೆ ವಾಲಿತ್ತು. ಅಂಬಲಿ ನೀರಿನ ಹಾಗೆ ಇಳಿಯಿತು. ಎರಡು ಗುಟುಕು ಆಗುವಷ್ಟರಲ್ಲಿ ಕೆಮ್ಮು ಬಂತು, ಕಣ್ಣಲ್ಲಿ ನೀರು ತುಂಬಿತು, ತುಟಿ ಕಪ್ಪಾಯಿತು.

ಅಜ್ಜಿ ನೆತ್ತಿ ತಟ್ಟಿದರು, ಉಫ್ ಅಂತ ಊದಿದರು. "ನೆತ್ತಿಗತ್ತುಸ್ಕತು. ಆತಗೂರಲ್ಲಿ ಅವ್ಳ ಅತ್ತೆ ನೆನಿಸ್ಕತಾವ್ಳೆ."

"ದಿನಾ ಹೀಗೇನಾ?"

"ದಿನಾವೂ ನೆನಿಸ್ಕತಾಳೆ. ನನ್ ಮಗಳಿಗೆ ಇವ್ಳ ಮ್ಯಾಲೆ ಪ್ರಾಣ."

ಊಟವಾದ ಮೇಲೆ ಹುಡುಗಿಯ ಉಸಿರಲ್ಲಿ ಗೊರಗೊರ ಸದ್ದು. ಶೀತ ಅಂತ ಅವರ ಲೆಕ್ಕ. ಬಾಳೆಹಣ್ಣು, ಮೊಸರು ನಿಲ್ಲಿಸಿದ್ದರು. ವೀಳ್ಯದೆಲೆಗೆ ಎಣ್ಣೆ ಸವರಿ, ಬೆಚ್ಚಗೆ ಮಾಡಿ ಎದೆಗೆ ಹಾಕುತ್ತಿದ್ದರು. ನೆತ್ತಿಗೆ ಹತ್ತಿತು ಅನ್ನುವುದು ನಮ್ಮೆಲ್ಲರ ಮನೆಯ ಮಾತು. ನಾನೂ ಮಕ್ಕಳ ನೆತ್ತಿ ತಟ್ಟಿದವಳೇ. ಆದರೆ ಇಲ್ಲಿ ಅಂಬಲಿ ಮೇಲಕ್ಕೆ ಹತ್ತಿರಲಿಲ್ಲ, ಕೆಳಗೆ ಶ್ವಾಸಕೋಶಕ್ಕೆ ಇಳಿಯುತ್ತಿತ್ತು.

ಹೊರಡುವಾಗ ತಾಯಿ ಕೊಟ್ಟಿಗೆಯವರೆಗೂ ಹಿಂದೆ ಬಂದಳು. ಅತ್ತೆಯ ಎದುರು ಆಡದ ಮಾತು ಅಲ್ಲಿ ಬಂತು.

"ಎಲ್ಡ್ ಸಲ ನಿಮೋನಿಯಾ ಆಯ್ತು ಮೇಡಂ. ಮಂಡ್ಯದಲ್ಲಿ ಅಡ್ಮಿಟ್ ಮಾಡಿದ್ವಿ. ಇನ್ನೊಂದ್ ಸಲ ಎದೆ ಕಟ್ಟುದ್ರೆ ಒಟ್ಟೆಗೆ ತೂತ್ ಮಾಡಿ ಪೈಪ್ ಆಕ್ಬೇಕಾಯ್ತದೆ ಅಂದವ್ರೆ ಡಾಕ್ಟ್ರು. ಆಮೇಲೆ ಬಾಯಲ್ಲಿ ಉಣ್ಣಂಗೇ ಇಲ್ವಂತೆ. ಚಳಿ ಕಳೆದ್ ಮ್ಯಾಲೆ ಕರ್ಕಬನ್ನಿ, ನೋಡಾವ ಅಂದವ್ರೆ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದಳು. "ನಡೆಯಾಕಿಲ್ಲ, ಮಾತಾಡಾಕಿಲ್ಲ, ಆಟಾಡಾಕಿಲ್ಲ. ಅವ್ಳಿಗೆ ಗೊತ್ತಿರೋ ಸುಖ ಅಂದ್ರೆ ಊಟ ಒಂದೇಯ. ಅದ್ನೂ ತೆಗೆದ್ಬುಟ್ರೆ ಏನುಳೀತದೆ ಏಳಿ."

ಪೈಪು ಕೆಟ್ಟದ್ದಲ್ಲ, ಅದರಿಂದ ಉಳಿದ ಮಕ್ಕಳನ್ನು ನಾನು ಕಂಡಿದ್ದೇನೆ ಅಂದೆ. ಬೇಡವಾಗುತ್ತದೆ ಅಂತ ಮಾತು ಕೊಡುವುದಿಲ್ಲ ಅಂತಲೂ ಅಂದೆ. ಚಳಿ ಕಳೆಯುವವರೆಗೆ ಟೈಮಿದೆ, ಊಟದ ರೀತಿ ಬದಲಾಯಿಸಿ ನೋಡೋಣ. ಅವಳು ತಲೆಯಾಡಿಸಿದಳು. "ಅತ್ತೆಗೆ ನೀವೇ ಏಳಿ ಮತ್ತೆ," ಅಂದಳು.

ಮಂಡ್ಯಕ್ಕೆ ಬಂದು ಆ ವಾರವೆಲ್ಲ ಅಡುಗೆಮನೆಯಲ್ಲಿ ರಾಗಿ ಕಲಸಿದೆ. ಪುಸ್ತಕದಲ್ಲಿ ಗಟ್ಟಿ, ತೆಳು ಅನ್ನುವುದಕ್ಕೆ ಬೇರೆ ಬೇರೆ ಅಳತೆಗಳಿವೆ. ಅವು ಆ ಒಲೆಯ ಮುಂದೆ ಉಪಯೋಗಕ್ಕೆ ಬರುವುದಿಲ್ಲ. ನಮ್ಮ ಕಡೆ ರಾಗಿಗೇ ಸಾಕಷ್ಟು ಹೆಸರಿವೆ. ಅಂಬಲಿ, ಗಂಜಿ, ಸರಿ, ಮುದ್ದೆ. ಅಂಬಲಿ ಓಡುತ್ತದೆ, ಹುಡುಗಿಯ ಗಂಟಲಿಗೆ ಸುಧಾರಿಸಿಕೊಳ್ಳಲು ಸಮಯ ಕೊಡುವುದಿಲ್ಲ. ಮುದ್ದೆ ಅಂಟಿಕೊಂಡು ಕೂರುತ್ತದೆ. ನಡುವಿನ ಸರಿ ಇದೆಯಲ್ಲ, ಹಲ್ಲು ಬರುವ ಮಕ್ಕಳಿಗೆ ಮಾಡುವುದು, ಅದನ್ನು ಇನ್ನು ಸ್ವಲ್ಪ ಬಿಗಿ ಮಾಡಿದರೆ ಚಮಚ ಓರೆ ಮಾಡಿದಾಗ ಸುರಿಯುವುದಿಲ್ಲ, ಮೆಲ್ಲಗೆ ಜಾರುತ್ತದೆ. ಆ ಜಾರುವಿಕೆ ಸಿಗುವವರೆಗೂ ಕಾಯಿಸಿದೆ. ಕೆಟ್ಟದ್ದನ್ನೆಲ್ಲ ಮನೆಯವರು ಬೆಲ್ಲ ಹಾಕಿಕೊಂಡು ತಿಂದರು.

ಮುಂದಿನ ಸಲ ಹೋದಾಗ ಅಜ್ಜಿ ಒಲೆಯ ಮುಂದಿದ್ದರು. ಅದೇ ಬಿಗಿಯ ಸರಿ ಕಾಯಿಸಿ, ಚಮಚ ಓರೆ ಮಾಡಿ ತೋರಿಸಿದೆ.

"ಇಷ್ಟ್ ಗಟ್ಟಿ ಮಾಡುದ್ರೆ ಸಿಕ್ಕಾಕತದೆ ಕಣಮ್ಮ. ಅಗಿಯಾಕ್ ಬರದ ಮಗ."

"ಅಗಿಯೋದು ಬೇಡ ಅಜ್ಜಿ. ನೀವು ಮುದ್ದೆ ಅಗಿದು ತಿಂತೀರಾ?"

"ಅಗುದ್ರೆ ಅದು ಮುದ್ದೇನಾ? ನುಂಗ್ತೀವಿ."

"ಮಲಗಿಕೊಂಡು ನುಂಗ್ತೀರಾ?"

ಅಜ್ಜಿ ಸೌಟು ನಿಲ್ಲಿಸಿ ನನ್ನನ್ನು ನೋಡಿದರು. "ಮಲೀಕಂಡು ಯಾವ್ ನನ್ಮಗ ಇಟ್ಟುಂಡಾನು," ಅಂದರು. ಆಮೇಲೆ ಸೊಸೆಗೆ, "ಲೇ, ಮಗೀನ ಎತ್ತಿ ಕೂರ್ಸು. ಅದೇನ್ ಮಾಡ್ತಾರೋ ಮಾಡ್ಲಿ," ಅಂದರು.

ಕೂರಿಸಲು ವಿಶೇಷ ಕುರ್ಚಿ ಬರುವುದಕ್ಕೆ ತಿಂಗಳುಗಳು ಬೇಕು. ಹುಡುಗಿಯ ಅಪ್ಪ ನಡುಮನೆಯ ಮೂಲೆಗೆ ರಾಗಿ ಮೂಟೆ ಎರಡನ್ನು ಎಳೆದು ತಂದ. ಮೂಲೆಯ ಗೋಡೆ ಬೆನ್ನಿಗೆ, ಮೂಟೆಗಳು ಎರಡು ಪಕ್ಕಕ್ಕೆ, ಮೊಣಕಾಲ ಕೆಳಗೆ ಸುತ್ತಿದ ರಗ್ಗು. ಹುಡುಗಿ ಮೊದಲ ಸಲ ಎಲ್ಲರ ಎತ್ತರಕ್ಕೆ ಕೂತು ಮನೆ ನೋಡಿದಳು. ಗದ್ದ ಸ್ವಲ್ಪ ಕೆಳಗಿರಲಿ, ಚಮಚ ಎದುರಿನಿಂದ ಬರಲಿ, ನುಂಗಿದ್ದು ಕಂಡ ಮೇಲೆ ಮುಂದಿನದು. ಇಷ್ಟೇ ಪಾಠ. ಒಳಲೆಯನ್ನು ಅಜ್ಜಿ ತೊಳೆದು ಒರೆಸಿ ಟ್ರಂಕಿನಲ್ಲಿಟ್ಟರು.

ಕೆಮ್ಮು ಕಮ್ಮಿಯಾಯಿತು, ಆದರೆ ನಿಲ್ಲಲಿಲ್ಲ. ಊಟ ಶುರುವಾದಾಗ ಚೆನ್ನಾಗಿಯೇ ಇರುತ್ತದೆ, ಮುಗಿಯುವ ಹೊತ್ತಿಗೆ ಗೊರಗೊರ. ತಾಯಿ ಫೋನಿನಲ್ಲಿ ಹೇಳುತ್ತಿದ್ದಳು. ಒಂದು ಮಳವಳ್ಳಿಯ ದಿನ ಬೇರೆ ಕೆಲಸ ಬಿಟ್ಟು, ಊಟ ಶುರುವಾದಾಗಿನಿಂದ ಬಟ್ಟಲು ತೊಳೆಯುವವರೆಗೂ ಬಾಯಿ ಬಿಡದೆ ಕೂತು ನೋಡಿದೆ.

ಹುಡುಗಿ ಅರ್ಧ ಬಟ್ಟಲು ಚೆನ್ನಾಗಿ ತಿಂದಳು. ಆಮೇಲೆ ನಿಧಾನವಾದಳು. ಬಟ್ಟಲಲ್ಲಿ ಸ್ವಲ್ಪ ಉಳಿದಿದ್ದಾಗ ಎರಡು ತುಟಿ ಸೇರಿಸಿ ಒಳಕ್ಕೆ ಮಡಚಿಕೊಂಡಳು. ಅಜ್ಜಿ ಚಮಚ ತುಟಿಗೆ ಮುಟ್ಟಿಸಿದರು. ತುಟಿ ಬಿಡಲಿಲ್ಲ.

"ಕಡೇ ತುತ್ತು ನನ್ ಕಂದ. ಕಡೇ ತುತ್ತು ಬುಡಬಾರದು. ಎಲ್ಲಾ ಬಲ ಅದ್ರಾಗೇ ಇರಾದು."

ಕೆನ್ನೆಯನ್ನು ಎರಡು ಬೆರಳಿಂದ ಒತ್ತಿದರು. ನಮ್ಮಲ್ಲಿ ಮಕ್ಕಳನ್ನು ಸಾಕಿದ ಎಲ್ಲರೂ ಬಲ್ಲ ಉಪಾಯ. ಬಾಯಿ ತೆರೆಯಿತು, ತುತ್ತು ಹೋಯಿತು. ಅದರ ಹಿಂದೆಯೇ ಒಂದು ಗುಟುಕು ನೀರು. ಕೆಮ್ಮು.

ಅಷ್ಟು ಹೊತ್ತಿಗೆ ಮಗುವಿನ ಗಂಟಲು ದಣಿದಿರುತ್ತದೆ. ದಣಿದ ಗಂಟಲಿಗೆ ಬೀಳುವುದು ಆ ಕಡೇ ತುತ್ತು, ಮೇಲೆ ನೀರು. ಎದೆ ಕಟ್ಟುತ್ತಿದ್ದದ್ದು ಇಲ್ಲಿ. ಬಲ ಬರಲಿ ಅಂತ ಕೊಟ್ಟದ್ದೇ ಎದೆಗೆ ಇಳಿಯುತ್ತಿತ್ತು.

"ಅಜ್ಜಿ, ಬಾಯಿ ಮುಚ್ಚಿಕೊಂಡಳಲ್ಲ, ಅದು ಸಾಕು ಅಂತ."

"ಅದು ಹಟ. ಅವ್ರಪ್ಪನೂ ಇಂಗೇಯ, ಸಣಕಲ ಇದ್ದ. ಒತ್ತಿ ಒತ್ತಿ ಉಣ್ಸಿ ಇಷ್ಟೆತ್ರ ಮಾಡಿವ್ನಿ."

ಬಾಗಿಲಲ್ಲಿ ನಿಂತಿದ್ದ ಮಗ ನಕ್ಕು ಹೊರಗೆ ಹೋದ.

ವಾದ ಮಾಡಿ ಗೆಲ್ಲುವ ಜಾಗ ಅದಲ್ಲ. ಅಜ್ಜಿ ತಿನ್ನಿಸಿದ ಕೈಯನ್ನು ತಪ್ಪು ಅಂದರೆ ನಾಳೆಯಿಂದ ಆ ಮನೆಯ ಬಾಗಿಲು ತೆರೆಯುವುದಿಲ್ಲ. "ಹಟವೋ ಮಾತೋ ನೋಡೇಬಿಡೋಣ," ಅಂದೆ. "ತುಟಿ ಮುಚ್ಚಿದಾಗ ಚಮಚ ಕೆಳಗಿಡಿ. ಸಾಕಾ ಅಂತ ಕೇಳಿ. ನಿಮ್ಮ ಉಸಿರು ಒಂದೆರಡು ಸಲ ಬಂದು ಹೋಗೋವರೆಗೆ ಕಾಯಿರಿ. ಆಮೇಲೆ ಚಮಚ ತೋರಿಸಿ. ತೆರೆದರೆ ಕೊಡಿ, ಮುಚ್ಚೇ ಇದ್ದರೆ ಬಿಡಿ. ಊಟದ ಹಿಂದೆಯೇ ನೀರು ಹೊಯ್ಯಬೇಡಿ."

"ನಾ ಕೇಳುದ್ರೆ ಅದು ಏಳಾದುಂಟಾ?"

"ಕೇಳಿ ನೋಡಿ."

ಆ ವಾರ ಏನಾಯಿತು ಅಂತ ತಾಯಿ ಫೋನಿನಲ್ಲಿ ಪಿಸುಮಾತಲ್ಲಿ ಹೇಳಿದಳು. ಮೊದಲ ದಿನ ಅಜ್ಜಿ ಬೇಕೆಂದೇ ಊಟದ ನಡುವೆ ಪರೀಕ್ಷೆ ಮಾಡಿದರಂತೆ. ಹುಡುಗಿ ತುಟಿ ಮುಚ್ಚಿದಳು. ಚಮಚ ಕೆಳಗಿಟ್ಟು ಕಾದರು. ಚಮಚ ತೋರಿಸಿದಾಗ ತೆರೆದಳು. ಸುಸ್ತಾಗಿ ಸುಧಾರಿಸಿಕೊಳ್ಳುತ್ತಿದ್ದಳು ಅಷ್ಟೆ. ಇನ್ನೊಂದು ದಿನ ಕಾದರು, ತೋರಿಸಿದರು, ತೆರೆಯಲಿಲ್ಲ. ಮುಖ ಬೀದಿ ಕಡೆಗೆ ತಿರುಗಿಸಿಕೊಂಡಳು. ಅಜ್ಜಿ ಮತ್ತೆ ಕೇಳಿದರು. ಹುಡುಗಿ ಅವರ ಕಡೆ ತಿರುಗಿ ನೋಡಿ, ಮತ್ತೆ ತುಟಿ ಮಡಚಿ ತೋರಿಸಿದಳಂತೆ.

"ಅತ್ತೆ ಏನಂದ್ರು?"

"ಬಟ್ಲು ಇಡ್ಕಂಡು ಕುಂತಿದ್ರು. ಕಡೇ ತುತ್ತು ಅದ್ರಲ್ಲೇ ಇತ್ತಲ್ಲ, ಏನ್ ಮಾಡಾದು ಅಂತ."

ಅದೇ ದೊಡ್ಡ ತೊಡಕಾಗಿತ್ತು. ಮಗುವಿನ ಕಡೇ ತುತ್ತನ್ನು ಬಟ್ಟಲಲ್ಲಿ ಬಿಟ್ಟು ಏಳುವುದು ಆ ಮನೆಯಲ್ಲಿಲ್ಲ. ನಾಯಿಗೆ ಹಾಕುವಂತಿಲ್ಲ, ಮುಸುರೆಗೆ ಸುರಿಯುವಂತಿಲ್ಲ. ಸುರಿದರೆ ಮಗುವಿನ ಬಲವೂ ಅದರ ಜೊತೆ ಹೋಯಿತು ಅಂತ. ನಾನು ಮುಂದಿನ ಸಲ ಹೋಗುವಷ್ಟರಲ್ಲಿ ಅಜ್ಜಿಯೇ ದಾರಿ ಮಾಡಿಕೊಂಡಿದ್ದರು. ಹುಡುಗಿ ತುಟಿ ಮಡಚಿದ ಕೂಡಲೇ, "ಸಾಕಾ? ಅಂಗಾರೆ ನಾ ತಿನ್ಲಾ?" ಅಂತ ಕೇಳಿ, ಅವಳ ಕಣ್ಣೆದುರೇ ಆ ತುತ್ತನ್ನು ತಾವೇ ತಿನ್ನುತ್ತಿದ್ದರು.

"ಎತ್ಲಾಗ್ ಓದ್ರೂ ಬಲ ಮನೇಲೇ ಇರ್ತದಲ್ಲ," ಅಂದರು ನನಗೆ. "ನಾ ಗಟ್ಟಿಯಾಗಿದ್ರೆ ತಾನೆ ಇವ್ಳ್ನ ಎತ್ತಾದು."

ಚಳಿ ಬಂತು. ಕಬ್ಬಿನ ಗದ್ದೆಗಳ ಮೇಲೆ ಬೆಳಗಿನ ಹೊತ್ತು ಮಂಜು. ಮಳವಳ್ಳಿ ಬಸ್ಸಿನ ಕಿಟಕಿ ಹಾಕಿದರೂ ಸಂದಿಯಲ್ಲಿ ಗಾಳಿ. ಮದ್ದೂರಿನಲ್ಲಿ ನನಗೆ ಬೇರೆ ಮಕ್ಕಳಿದ್ದರು, ಅವರ ಗಂಟಲುಗಳಿದ್ದವು. ಆದರೂ ಫೋನು ರಿಂಗಾದಾಗ ಪೂರಿಗಾಲಿಯ ನಂಬರೇ ಇರಬಹುದು ಅನ್ನಿಸುತ್ತಿತ್ತು. ಒಂದು ಬೆಳಿಗ್ಗೆ ಅದೇ ಬಂತು.

"ಮೈ ಬೆಚ್ಚಗದೆ ಮೇಡಂ. ರಾತ್ರಿಯಿಂದ ಕೆಮ್ಮು," ಅಂದಳು ತಾಯಿ.

ಮಂಡ್ಯಕ್ಕೆ ಕರೆತನ್ನಿ ಅಂದೆ. ಕಾಯಬೇಡಿ. ಮನೆ ಮಂಡ್ಯದಲ್ಲೇ ಆದ್ದರಿಂದ ಆಸ್ಪತ್ರೆಗೆ ನಾನೂ ಹೋದೆ. ಅಪ್ಪ ಚೀಟಿ ಮಾಡಿಸಲು ಸಾಲಿನಲ್ಲಿ ನಿಂತಿದ್ದ. ಅಜ್ಜಿ ಬೆಂಚಿನ ಮೇಲೆ ಹುಡುಗಿಯನ್ನು ಎದೆಗೆ ಒರಗಿಸಿ ನೇರವಾಗಿ ಕೂರಿಸಿಕೊಂಡಿದ್ದರು. ಮಲಗಿಸಿರಲಿಲ್ಲ. ಪಕ್ಕದಲ್ಲಿ ಸ್ಟೀಲಿನ ಬಾಕ್ಸು, ಅದರೊಳಗೆ ಸರಿ.

"ಏನೂ ತಪ್ ಮಾಡಿಲ್ಲ ಕಣವ್ವ," ಅಂದರು ನನ್ನನ್ನು ಕಂಡ ಕೂಡಲೇ. "ಒಂದ್ ತುತ್ತೂ ಒತ್ತಿ ಕೊಟ್ಟಿಲ್ಲ."

ನಾನು ಕೇಳಿರಲಿಲ್ಲ. ಅವರ ಪಕ್ಕ ಕೂತೆ. ಎಕ್ಸ್‌ರೇ ಆಗುವವರೆಗೂ ತಾಯಿ ಗೋಡೆಗೆ ಒರಗಿ ನಿಂತಿದ್ದಳು. ಕೂರು ಅಂದರೂ ಕೂರಲಿಲ್ಲ.

ಡಾಕ್ಟರು ಎದೆಗೆ, ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಹಳೆಯದನ್ನು ತೆಗೆಸಿ ಅದನ್ನೂ ಪಕ್ಕದಲ್ಲಿ ಹಿಡಿದರು. ಬರೀ ನೆಗಡಿ, ಎದೆ ಚೆನ್ನಾಗಿದೆ ಅಂದರು. ತೂಕವೂ ಸ್ವಲ್ಪ ಏರಿದೆ, ಸದ್ಯಕ್ಕೆ ಪೈಪಿನ ಮಾತು ಬೇಡ, ಹೀಗೇ ನಡೆಸಿಕೊಂಡು ಹೋಗಿ ಅಂದರು. ಸದ್ಯಕ್ಕೆ ಅನ್ನುವ ಪದವನ್ನು ಹೊರಗೆ ಬಂದ ಮೇಲೆ ನಾನು ಮತ್ತೊಮ್ಮೆ ಹೇಳಿದೆ. ಹುಡುಗಿ ಬೆಳೆಯುತ್ತಾಳೆ, ಬೆಳೆದ ಹಾಗೆ ಹೊಟ್ಟೆಗೆ ಹೆಚ್ಚು ಬೇಕಾಗುತ್ತದೆ, ಒಂದು ದಿನ ಪೈಪು ಬೇಕಾದರೂ ಆಗಬಹುದು. ತಾಯಿ, "ಆಗ್ಲಿ ಮೇಡಂ, ಆಗ ನೋಡ್ಕಂಡ್ರಾಯ್ತು," ಅಂದಳು. ಆಗ ಬೆಂಚಿನ ಮೇಲೆ ಕೂತಳು.

ಅಜ್ಜಿಗೆ ಬೇರೆ ಯೋಚನೆ ಹತ್ತಿತ್ತು. ಮುಂದಿನ ಸಲ ನಾನು ಹೋದಾಗ ಕಾಫಿ ಲೋಟ ಕೈಗೆ ಕೊಟ್ಟು ಹತ್ತಿರ ಕೂತರು.

"ನಾ ಒಂದ್ ಕೇಳ್ತೀನಿ, ಯೋಚ್ನೆ ಮಾಡಿ ಏಳ್ಬೇಕು. ಇವ್ಳು ಒಂದ್ ಮಾತಾಡ್ಲಿ, ಮುತ್ತತ್ತೀಲಿ ಪರ ಮಾಡ್ತೀನಿ ಅಂತ ಆಂಜನೇಯಂಗೆ ಅರ್ಸಿಕಂಡಿದ್ದೆ. ಈಗ ಸಾಕು ಅಂದ್ರೆ ತುಟಿ ಮಡಿಸ್ತಾಳೆ, ಬೇಕು ಅಂದ್ರೆ ಬಾಯ್ ತೆಗೀತಾಳೆ. ಇದು ಮಾತೋ ಅಲ್ವೋ?"

"ಮಾತೇ ಅಜ್ಜಿ."

"ನನ್ ಸಮಾಧಾನಕ್ಕೆ ಅನ್ಬ್ಯಾಡಿ. ದೇವ್ರಿಗೆ ಸುಳ್ ಏಳ್ದಂಗಾದಾತು."

ನಾನು ಕಾಫಿ ಕುಡಿದು ಮುಗಿಸಿದೆ. ನಾವು ಓದಿದ್ದರಲ್ಲೂ ಹಾಗೇ ಇದೆ, ಕೇಳಿದ್ದಕ್ಕೆ ತಿಳಿದು ಉತ್ತರ ಕೊಟ್ಟರೆ ಅದು ಮಾತು, ಬಾಯಲ್ಲಿ ಸದ್ದು ಬರಲಿ ಬಿಡಲಿ ಅಂದೆ. ಅಜ್ಜಿ ಲೋಟ ಎತ್ತಿಕೊಂಡು ಎದ್ದರು. "ಅಂಗಾರೆ ಪರ ಮಾಡಾದೇಯ."

ಪರ ಅಂದರೆ ನದಿ ದಂಡೆಯಲ್ಲಿ ಒಲೆ ಹೂಡಿ ಅಡುಗೆ ಮಾಡಿ ನೆಂಟರಿಷ್ಟರಿಗೆ ಬಡಿಸುವುದು. ಒಂದು ಭಾನುವಾರ ಹೋದರು, ನನ್ನನ್ನೂ ಬಿಡಲಿಲ್ಲ. ಮರದ ಮೇಲೆ ಕೋತಿಗಳು ಕಾದು ಕೂತಿದ್ದವು. ಕಾವೇರಿಯಲ್ಲಿ ನೀರು ಇಳಿದು ಬಂಡೆ ಕಾಣುತ್ತಿತ್ತು. ಹುಡುಗಿಯನ್ನು ಮರದ ಬುಡಕ್ಕೆ ಒರಗಿಸಿ, ಎರಡು ಕಡೆ ಅಕ್ಕಿ ಚೀಲ ಇಟ್ಟು ಕೂರಿಸಿದ್ದರು. ಮುಂದೆ ಅವಳಿಗೂ ಒಂದು ಎಲೆ. ಎಲೆಯ ಮೇಲೆ ಅವಳ ಬಾಕ್ಸು. ಅಜ್ಜಿ ತಿನ್ನಿಸಿದರು, ಅರ್ಧ ಆಯಿತು, ಕೆಮ್ಮಿಲ್ಲ.

ಅಷ್ಟರಲ್ಲಿ ಆತಗೂರಿನ ಅತ್ತೆ ಬಂದಳು, ಅಜ್ಜಿಯ ಮಗಳು. ಕೈಯಲ್ಲಿ ಪಾಯಸದ ಲೋಟ, ಚಮಚ. ನೀರು ನೀರಾದ ಪಾಯಸ.

"ನನ್ ಬಂಗಾರ, ದೇವ್ರ ಪ್ರಸಾದ ಕಣೆ, ಒಂದ್ ಚಮ್ಚ."

ಹುಡುಗಿ ತುಟಿ ಮಡಚಿದಳು. ಅತ್ತೆಯ ಎರಡು ಬೆರಳು ಕೆನ್ನೆಗೆ ಹೋದವು. ನಾನು ಏಳುವ ಮೊದಲೇ ಅಜ್ಜಿ ಮಗಳ ಮಣಿಕಟ್ಟು ಹಿಡಿದಿದ್ದರು.

"ಬುಡು. ಸಾಕಂತೆ."

"ಯಾವಾಗಂದ್ಲವ್ವ?"

"ಈಗಂದ್ಲಲ್ಲ. ಅದ್ಕೇ ಅಲ್ವಾ ಇಷ್ಟೊಂದ್ ಜನಕ್ಕೆ ಪರ ಮಾಡ್ತಿರಾದು. ನಿಂಗ್ ಕೇಳುಸ್ಲಿಲ್ಲ ಅಂದ್ರೆ ಯಾರ್ ತಪ್ಪು?"

ಎಲೆಯ ಮುಂದೆ ಕೂತವರು ನಕ್ಕರು. ಅತ್ತೆ ಮುಖ ಸಣ್ಣ ಮಾಡಿದಳು. "ಪ್ರಸಾದ ತಕ್ಕೊಂಡ್ ಬಂದ್ಬುಟ್ಟೆ, ಈಗ ಈ ಚಮ್ಚ ಏನ್ ಮಾಡ್ಲಿ?"

"ಇತ್ಲಾಗ್ ತಾ," ಅಂತ ಅಜ್ಜಿ ಬಾಯಿ ತೆರೆದರು.

ಮಗಳು ತಾಯಿಯ ಬಾಯಿಗೆ ಪಾಯಸ ಹಾಕಿದಳು. ಹುಡುಗಿ ಮರಕ್ಕೆ ಒರಗಿ, ಅದು ಇಳಿಯುವವರೆಗೂ ಅಜ್ಜಿಯ ಗಂಟಲನ್ನೇ ನೋಡುತ್ತಿದ್ದಳು.